ನಾಲ್ಕು ಅಕ್ಷರಗಳ ಒಂದು ಪಾಠ

ಈ ಸಂಚಿಕೆಗಾಗಿ ಇಂಗ್ಲಿಷು ಶಬ್ದಗಳ ಕುರಿತು ಒಂದು ಪಾಠವನ್ನು ಬರೆಯಲು ಕುಳಿತಾಗ, ಆ ವಿಷಯದಲ್ಲಿ ನಾವೇ ಮಾಡಿದ ಒಂದು ತಪ್ಪು ಮೊದಲು ನೆನಪಿಗೆ ಬಂದಿತು. ಅದನ್ನು ಮುಚ್ಚಿಟ್ಟು ಪಾಠ ಹೇಳುವದು ನ್ಯಾಯವಲ್ಲ.

ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಒಬ್ಬ ಹುಡುಗಿ ತರಗತಿಯಲ್ಲಿ ಇಂಗ್ಲಿಷು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಸಿ, ಓ, ಯು, ಜಿ, ಎಚ್ ಎಂಬ ಐದು ಅಕ್ಷರಗಳ ಶಬ್ದವೊಂದು ಎದುರಾಯಿತು. ಆಕೆ ಯಾವ ಅಕ್ಷರವನ್ನೂ ಬಿಡದೆ ‘ಕೌಘ್’ ಎಂದು ಓದಿದಳು. ತರಗತಿಯೆಲ್ಲ ನಕ್ಕಿತು; ನಮ್ಮ ಮುಖದಲ್ಲಿಯೂ ನಗೆ ಸುಳಿಯಿತು. ಅದನ್ನು ಆಕೆ ಕಂಡಳು. ಆಮೇಲೆ ಬಹುದಿನ ಆಕೆ ಓದಲು ಏಳಲೇ ಇಲ್ಲ. ಹೀಗೆ ಬಾಯಿ ಕಟ್ಟಿದ ಹುಡುಗಿಯರು ಮೊದಲು ಇಂಗ್ಲಿಷನ್ನು, ಬಳಿಕ ಪರೀಕ್ಷೆಯನ್ನು, ಕೊನೆಗೆ ಶಾಲೆಯನ್ನೇ ಬಿಡುವದುಂಟು. ಆದಕಾರಣ ಇದು ಸಣ್ಣ ಸಂಗತಿಯೆಂದು ನಮಗೆ ತೋರುವದಿಲ್ಲ.

ಆಕೆ ಹಾಗೆ ಓದಿದ್ದೇಕೆ? ಬರೆದದ್ದನ್ನೇ ಓದಬೇಕೆಂದು ಕನ್ನಡವು ಆಕೆಗೆ ಕಲಿಸಿತ್ತು. ಆಕೆಯ ಊರಿನ ಹೆಸರನ್ನೇ ನೋಡಿರಿ. ಕನ್ನಡದಲ್ಲಿ ಬಾ, ದ, ನ, ಹ, ಟ್ಟಿ ಎಂದು ಐದೇ ಅಕ್ಷರಗಳು. ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು. ಆ ಹನ್ನೊಂದರಲ್ಲಿ ‘ಎ’ ಎಂಬುದು ನಾಲ್ಕು ಸಾರಿ ಬರುತ್ತದೆ. ಮೊದಲನೆಯದನ್ನು ದೀರ್ಘವಾಗಿಯೂ ಉಳಿದ ಮೂರನ್ನು ಹ್ರಸ್ವವಾಗಿಯೂ ಓದಬೇಕು. ಗುರುತು ಮಾತ್ರ ಒಂದೇ. ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷು ಕಾಗುಣಿತವನ್ನು 2014ನೆಯ ಇಸವಿಯ ನವೆಂಬರ್ 1ರಂದು ಸರಕಾರದವರು ತಿದ್ದಿದರು. ಏಳು ಅಕ್ಷರಗಳಲ್ಲಿ ಎರಡನೆಯದೂ ಕೊನೆಯದೂ ಬದಲಾದವು. ಕನ್ನಡದ ‘ಬಳ್ಳಾರಿ’ಯನ್ನು ತಿದ್ದುವ ಪ್ರಸಂಗವೇ ಬರಲಿಲ್ಲ.

ಈಗ ಪಾಠಕ್ಕೆ ಬರೋಣ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಸೇರಿರುವ ಐದಕ್ಷರದ ಶಬ್ದಗಳಲ್ಲಿ ವಿದ್ಯಾರ್ಥಿನಿಯರು ಅವಶ್ಯವಾಗಿ ತಿಳಿಯಬೇಕಾದವು ಆರು. ಮುಂದೆ ‘ಸಿ’ ಇಟ್ಟರೆ ‘ಕಾಫ್’, ಅಂದರೆ ಕೆಮ್ಮು. ‘ಆರ್’ ಇಟ್ಟರೆ ‘ರಫ್’, ಒರಟು. ‘ಟಿ’ ಇಟ್ಟರೆ ‘ಟಫ್’, ಗಟ್ಟಿ. ‘ಡಿ’ ಇಟ್ಟರೆ ‘ಡೋ’, ರೊಟ್ಟಿಗೆ ನಾದಿದ ಹಿಟ್ಟು. ‘ಬಿ’ ಇಟ್ಟರೆ ‘ಬೌ’, ಮರದ ಕೊಂಬೆ. ‘ಟಿ’ಯನ್ನು ಮುಂದಿಡದೆ ಕೊನೆಗಿಟ್ಟರೆ ‘ಆಟ್’, ಮಾಡತಕ್ಕದ್ದು ಎಂಬರ್ಥ. ಕೆಮ್ಮು, ಒರಟು, ಗಟ್ಟಿ ಈ ಮೂರರಲ್ಲಿ ಜಿ ಮತ್ತು ಎಚ್ ಕೂಡಿ ಫಕಾರವಾಗುತ್ತವೆ. ಹಿಟ್ಟು, ಕೊಂಬೆ, ಮಾಡತಕ್ಕದ್ದು ಈ ಮೂರರಲ್ಲಿ ಸುಮ್ಮನಿರುತ್ತವೆ. ಹೀಗೆ ಮೂರು ಮೂರಾಗಿ ವಿಂಗಡಿಸಿದರೆ ನೆನಪಿಗೆ ಭಾರವಾಗದು.

ಇದನ್ನು ಕರಿಹಲಗೆಯ ಮೇಲೆ ಬರೆದ ದಿನವೇ ಆ ಹುಡುಗಿ ಮತ್ತೆ ಬಾಯಿ ತೆರೆದಳು. “ಟೀಚರ್, ಓದಂಗಿಲ್ಲ ಅಂದಮ್ಯಾಲೆ ಅದನ್ನ ಯಾಕ ಬರೀಬೇಕ್ರಿ?” ಎಂದು ಕೇಳಿದಳು. ಇಪ್ಪತ್ತು ವರುಷ ಪಾಠ ಹೇಳಿದ ನಮಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾವಾದರೂ ಕೇಳಿಕೊಂಡಿರಲಿಲ್ಲ.

ಉತ್ತರವು ಚರಿತ್ರೆಯಲ್ಲಿದೆ. ಈ ಶಬ್ದಗಳಲ್ಲಿ ಹಿಂದೆ ಗಂಟಲಿನಿಂದ ಉಜ್ಜಿ ಬರುವ ಹಕಾರದಂಥ ಒಂದು ಧ್ವನಿ ಇದ್ದಿತು. ಜರ್ಮನರು ರಾತ್ರಿಗೆ ‘ನಾಖ್ಟ್’ ಎನ್ನುವಾಗ ಅಂಥ ಧ್ವನಿ ಇಂದಿಗೂ ಕೇಳಿಬರುತ್ತದೆ. ಅದನ್ನು ಗುರುತಿಸಲಿಕ್ಕೆ ಲಿಪಿಕಾರರು ಜಿ ಮತ್ತು ಎಚ್‌ಗಳನ್ನು ಜೋಡಿಸಿ ಬರೆದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ ತರುವಾಯ ಕಾಗುಣಿತವು ಮೆಲ್ಲಮೆಲ್ಲನೆ ನೆಲೆನಿಂತಿತು. ನಾಲಿಗೆ ಮಾತ್ರ ನಿಲ್ಲಲಿಲ್ಲ. ಆ ಧ್ವನಿಯು ಕೆಲವು ಶಬ್ದಗಳಲ್ಲಿ ಅಳಿದುಹೋಯಿತು, ಕೆಲವದರಲ್ಲಿ ಫಕಾರವಾಯಿತು. ಮಾತು ಮುಂದೆ ಹೋಯಿತು. ಬರಹ ಹಿಂದೆ ಉಳಿಯಿತು.

ನಮ್ಮ ನುಡಿಯೂ ಬದಲಾಗಿದೆ. ‘ಪಾಲ್’ ಎಂಬುದು ‘ಹಾಲು’ ಆಯಿತು, ‘ಪೂ’ ಎಂಬುದು ‘ಹೂ’ ಆಯಿತು. ಆದರೆ ನಾಲಿಗೆ ಹೋದೆಡೆಗೆ ಲೇಖನಿಯೂ ಹೋಯಿತು. ಹಳಗನ್ನಡದ ೞ, ಱ ಎಂಬ ಧ್ವನಿಗಳು ಬಳಕೆಯಿಂದ ತಪ್ಪಿದ ಮೇಲೆ ಆ ಅಕ್ಷರಗಳನ್ನೂ ಬಿಟ್ಟೆವು. ಹಾಗೆಂದು ನಾವು ಹೆಮ್ಮೆಪಡಬೇಕಾದುದಿಲ್ಲ. ‘ಹೋಗ್ತೀನಿ’ ಎಂದು ಆಡಿ ‘ಹೋಗುತ್ತೇನೆ’ ಎಂದು ಬರೆಯುವವರು ನಾವೂ ಹೌದು.

ಇಂಗ್ಲಿಷಿನಲ್ಲಿಯೂ ಹೇಳಿದ ಮಾತು ಕೇಳುವ ಕುಟುಂಬಗಳುಂಟು. ಐ, ಜಿ, ಎಚ್, ಟಿ ಎಂಬ ನಾಲ್ಕರ ಮುಂದೆ ಒಂದೊಂದು ಅಕ್ಷರವನ್ನಿಟ್ಟು ನೋಡಿರಿ: ನೈಟ್, ಲೈಟ್, ರೈಟ್, ಸೈಟ್, ಫೈಟ್, ಮೈಟ್, ಟೈಟ್. ಐದಕ್ಷರದ ಈ ಏಳು ಶಬ್ದಗಳಿಗೂ ಒಂದೇ ಪ್ರಾಸ. ‘ಇ’ಯನ್ನಿಟ್ಟಾಗ ಮಾತ್ರ ಅದು ‘ಏಟ್’ ಆಗಿ, ಎಂಟು ಎಂಬ ಅರ್ಥವನ್ನು ಕೊಡುತ್ತದೆ. ಏಳನ್ನು ಒಂದೇ ಬಾರಿಗೆ ಕಲಿತು, ಎಂಟನೆಯದನ್ನು ಬೇರೆಯಾಗಿ ನೆನಪಿಡತಕ್ಕದ್ದು. 2021ರಲ್ಲಿ ಪ್ರಕಟವಾದ ‘ವರ್ಡಲ್’ ಎಂಬ ಆಟದಲ್ಲಿ ಐದಕ್ಷರದ ಶಬ್ದವನ್ನು ಆರು ಪ್ರಯತ್ನಗಳೊಳಗೆ ಕಂಡುಹಿಡಿಯಬೇಕು. ಅದಕ್ಕೆ ಫೋನು ಬೇಕೆಂಬುದೇನೂ ಇಲ್ಲ. ಕರಿಹಲಗೆಯ ಮೇಲೆ ಐದು ಮನೆಗಳನ್ನು ಬರೆದು ನಾವು ಅದನ್ನು ಆಡಿಸುತ್ತೇವೆ. ಶಬ್ದವನ್ನು ಕಂಡುಹಿಡಿದವಳು ಅದನ್ನು ಗಟ್ಟಿಯಾಗಿ ಉಚ್ಚರಿಸಿ, ಕನ್ನಡದಲ್ಲಿ ಅರ್ಥವನ್ನು ಹೇಳಬೇಕು.

ಅಧ್ಯಾಪಿಕೆಯರಿಗೆ ಒಂದು ಮಾತು. ಬಳ್ಳಾರಿಯಲ್ಲಿ ಸೇವೆಮಾಡಿದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬವರು ಕನ್ನಡವನ್ನು ಕಲಿತು, 1832ರಲ್ಲಿ ಕನ್ನಡ-ಇಂಗ್ಲಿಷು ನಿಘಂಟನ್ನು ಪ್ರಕಟಿಸಿದರು. ಲ, ಳ ಭೇದವಿಲ್ಲದ ನಾಲಿಗೆಯಿಂದ ಬಂದವರು ಎಡವದೆ ಕಲಿತಿರಲಾರರು. ಅವರ ಮಾತನ್ನು ತಾಳ್ಮೆಯಿಂದ ಕೇಳಿ ತಿದ್ದಿದವರು ಇಲ್ಲಿಯ ಜನರೇ ಆಗಿರಬೇಕು. ಅಷ್ಟು ತಾಳ್ಮೆಯು ನಮ್ಮ ಹುಡುಗಿಯರಿಗೂ ಸಲ್ಲತಕ್ಕದ್ದು. ತಪ್ಪು ಓದಿದವಳನ್ನು ಮೊದಲು ಪೂರ್ಣವಾಗಿ ಓದಗೊಡಿರಿ, ಹಾಗೆ ಓದಿದ ಕಾರಣವನ್ನು ಕೇಳಿರಿ, ಅನಂತರ ತಿದ್ದಿರಿ.

ವಿದ್ಯಾರ್ಥಿನಿಯರಿಗೆ ಅಭ್ಯಾಸ: ಮೊದಲಿನ ನಾಲ್ಕು ಅಕ್ಷರಗಳ ಮುಂದೆ ಪಿ, ಎಲ್ ಎಂಬ ಎರಡನ್ನು ಇಟ್ಟರೆ ನೇಗಿಲೆಂಬ ಅರ್ಥದ ಆರಕ್ಷರದ ಶಬ್ದವಾಗುತ್ತದೆ. ಇ, ಎನ್ ಇಟ್ಟರೆ ‘ಸಾಕು’ ಎಂಬ ಅರ್ಥದ್ದಾಗುತ್ತದೆ. ಇವೆರಡೂ ಮೇಲಿನ ಯಾವ ಯಾವ ಗುಂಪಿಗೆ ಸೇರುತ್ತವೆ? ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ, ನಾಳೆ ಬಂದು ಹೇಳಿರಿ. ತಪ್ಪಿದರೂ ಹೇಳಿರಿ.