ಅಣುಬಾಂಬು ಹಾಕಿದ ವಿಮಾನಿಗರು ಬದುಕಿ ಉಳಿದ ಬಗೆ

ವಿಜ್ಞಾನದ ತರಗತಿಯಲ್ಲಿ ಹಿರೋಶಿಮಾದ ವಿಷಯ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಿದ್ದ: “ಮಾಷ್ಟ್ರೇ, ಬಾಂಬು ಹಾಕಿದವರು ಸಾಯಲಿಲ್ಲವೇ?” ಪಾಠ ಮುಗಿಸುವ ಅವಸರದಲ್ಲಿ ಅಂದು ಪೂರ್ತಿಯಾಗಿ ಹೇಳಲಾಗದ ಉತ್ತರವನ್ನು ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

1945ನೆಯ ಆಗಸ್ಟ್ 6ರಂದು ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಅಮೆರಿಕದ ‘ಎನೋಲಾ ಗೇ’ ಎಂಬ ಬಿ-29 ವಿಮಾನವು ಸುಮಾರು 9,500 ಮೀಟರ್ ಎತ್ತರದಿಂದ ಬಾಂಬನ್ನು ಕೆಳಗೆ ಬಿಟ್ಟಿತು. ಅದು ಸಿಡಿದುದು ನೆಲದಿಂದ ಸುಮಾರು 600 ಮೀಟರ್ ಮೇಲೆ. ಅಂದರೆ ಬಿದ್ದ ಎತ್ತರ 8,900 ಮೀಟರ್. ಇದರ ಇಮ್ಮಡಿಯನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 43 ಸೆಕೆಂಡು ಬರುತ್ತದೆ. ವಾಸ್ತವವಾಗಿ ಹಿಡಿದ ಕಾಲವೂ ಹೆಚ್ಚುಕಡಿಮೆ ಅಷ್ಟೇ. ವಿಮಾನಿಗರಿಗೆ ದೂರ ಸರಿಯಲು ಮೊದಲು ದೊರೆತ ಅವಕಾಶ ಇದು.

ಕಳಚಿದ ಬಾಂಬು ನೆಟ್ಟಗೆ ಕೆಳಗೆ ಬೀಳುವುದಿಲ್ಲ; ಜಡತ್ವದಿಂದಾಗಿ ವಿಮಾನದೊಡನೆ ಮುಂದಕ್ಕೂ ಸಾಗುತ್ತದೆ. ಹಾರಿದ ದಿಕ್ಕಿನಲ್ಲಿಯೇ ಹಾರುತ್ತಿದ್ದರೆ ವಿಮಾನವು ಸ್ಫೋಟದ ನೆತ್ತಿಯ ಹತ್ತಿರವೇ ಇರುತ್ತಿತ್ತು. ಆದುದರಿಂದ ಚಾಲಕ ಪಾಲ್ ಟಿಬೆಟ್ಸ್ ಕೂಡಲೇ ವಿಮಾನವನ್ನು ವಾಲಿಸಿ ಬಲಕ್ಕೆ 155 ಡಿಗ್ರಿ ತಿರುಗಿಸಿದರು. ವಿಮಾನ ಹಗುರಾಗಲೆಂದು ಬಾಲದ ಬಂದೂಕುಗಳ ಹೊರತು ಉಳಿದವನ್ನೆಲ್ಲ ಮೊದಲೇ ತೆಗೆದುಹಾಕಲಾಗಿತ್ತು.

ಬೆಳಕು ಕ್ಷಣದೊಳಗೆ ತಲುಪುತ್ತದೆ. ಅದಕ್ಕೆ ಕಪ್ಪು ಕನ್ನಡಕಗಳಿದ್ದವು. ಆಘಾತ ತರಂಗವು ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ ಬರುತ್ತದೆ. ಅದಕ್ಕೆ ದೂರವೊಂದೇ ರಕ್ಷೆ. ಅದು ಬಂದು ತಾಗುವಾಗ ವಿಮಾನವು 18 ಕಿಲೋಮೀಟರಿಗೂ ಆಚೆ ಇತ್ತು: ಕಾಸರಗೋಡಿನಿಂದ ಕುಂಬಳೆಯನ್ನೂ ದಾಟಿದಷ್ಟು ದೂರ. ಆದರೂ ವಿಮಾನ ಎರಡು ಸಲ ನಡುಗಿತು. ಮೊದಲನೆಯದು ನೇರವಾಗಿ ಬಂದ ತರಂಗ, ಎರಡನೆಯದು ನೆಲಕ್ಕೆ ಬಡಿದು ಪ್ರತಿಫಲಿಸಿದುದು. ವಿಕಿರಣವನ್ನು ನಡುವಿನ ಗಾಳಿಯೇ ಬಹುಮಟ್ಟಿಗೆ ಹೀರಿಕೊಂಡಿತು.

ಜತೆಯಲ್ಲಿ ಇನ್ನೆರಡು ವಿಮಾನಗಳಿದ್ದವು. ಅಳತೆಯ ಉಪಕರಣಗಳನ್ನು ಒಯ್ದ ‘ದಿ ಗ್ರೇಟ್ ಆರ್ಟಿಸ್ಟ್’ನಲ್ಲಿದ್ದ ವಿಜ್ಞಾನಿ ಹೆರಾಲ್ಡ್ ಆಗ್ನ್ಯೂ ಚಿಕ್ಕ ಕ್ಯಾಮೆರಾದಿಂದ ಸ್ಫೋಟದ ಮೋಡದ ಚಲನಚಿತ್ರವನ್ನು ತೆಗೆದರು. ಮುಂದೆ ‘ನೆಸೆಸರಿ ಈವಿಲ್’ ಎಂದು ಹೆಸರಾದ ಇನ್ನೊಂದು ವಿಮಾನವು ಚಿತ್ರೀಕರಣಕ್ಕೆಂದೇ ಬಂದಿತ್ತು. ಎಲ್ಲರೂ ಸುರಕ್ಷಿತವಾಗಿ ಮರಳಿದರು. ಟಿಬೆಟ್ಸ್ 2007ರಲ್ಲಿ, ಆಗ್ನ್ಯೂ 2013ರಲ್ಲಿ ತೀರಿಕೊಂಡರು. ಇಬ್ಬರೂ 92 ವರ್ಷ ಬದುಕಿದರು.

ಬಾಂಬು ದೊಡ್ಡದಾದಂತೆ ಈ ಲೆಕ್ಕವೂ ಕಠಿನವಾಯಿತು. 1961ನೆಯ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟವು ಸುಮಾರು 50 ಮೆಗಾಟನ್ ಶಕ್ತಿಯ ಬಾಂಬನ್ನು ಪರೀಕ್ಷಿಸಿದಾಗ, ಅದು ನಿಧಾನವಾಗಿ ಇಳಿಯಲೆಂದು ಭಾರಿ ಪ್ಯಾರಾಶೂಟ್ ಕಟ್ಟಬೇಕಾಯಿತು. ಶಾಖವನ್ನು ಪ್ರತಿಫಲಿಸಲು ವಿಮಾನಕ್ಕೆ ಬಿಳಿಯ ಬಣ್ಣ ಬಳಿಯಲಾಗಿತ್ತು.

ಇದಿಷ್ಟು ಮೇಲಿದ್ದವರ ಮಾತು. ಕೆಳಗೆ ಹಿರೋಶಿಮಾದಲ್ಲಿ ಅಂದು ಏಳೂವರೆಯ ಸುಮಾರಿಗೆ ಅಪಾಯ ಕಳೆಯಿತೆಂಬ ಸೂಚನೆ ನೀಡಲಾಗಿತ್ತು. ಸಾವಿರಾರು ಶಾಲಾಮಕ್ಕಳು ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ತೆರವು ಮಾಡುವ ಕೆಲಸಕ್ಕೆಂದು ಬಯಲಿನಲ್ಲಿದ್ದರು. ಅವರಿಗೆ ಕನ್ನಡಕವಿರಲಿಲ್ಲ, 43 ಸೆಕೆಂಡುಗಳ ಮುನ್ಸೂಚನೆಯೂ ಇರಲಿಲ್ಲ. ಅವರಲ್ಲಿ ಬಹುಮಂದಿ ಮನೆಗೆ ಮರಳಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಅಂದಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಯಾರ ಪ್ರಾಣರಕ್ಷಣೆಗಾಗಿ ಆ ಲೆಕ್ಕ, ಯಾರನ್ನು ಅದರಿಂದ ಹೊರಗಿಟ್ಟರು ಎಂಬುದನ್ನೂ ಕೇಳಿದಾಗಲೇ ವಿಜ್ಞಾನದ ಪಾಠ ಪೂರ್ಣವಾಗುತ್ತದೆ.