ತಣ್ಣಗಿರುವುದೆಲ್ಲ ತಾಜಾ ಅಲ್ಲ

ಹೊಸ ಫ್ರಿಜ್ಜಿನ ಫೋಟೊ ಕಳಿಸಿದ್ದಿರಿ, ನೋಡಿ ತುಂಬ ಸಂತೋಷವಾಯಿತು. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರುವವರು. ನಿಮಗೆ ಅದು ಬೇಕೇ ಬೇಕಿತ್ತು. ಆದರೆ ಫೋಟೊದಲ್ಲಿ ಎರಡು ವಿಷಯ ನನ್ನ ಕಣ್ಣಿಗೆ ಬಿದ್ದವು. ಫ್ರಿಜ್ಜಿನ ಬೆನ್ನು ಗೋಡೆಗೆ ಅಂಟಿಕೊಂಡಿದೆ, ಮಗ್ಗುಲಲ್ಲೇ ಗ್ಯಾಸ್ ಒಲೆ ಇದೆ. ಅದಕ್ಕೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಇಬ್ಬರೂ ಓದಿ.

ಒಳಗಿನ ಬಿಸಿಯನ್ನು ಹೀರಿ ಹೊರಗೆ ಹಾಕುವುದೇ ಫ್ರಿಜ್ಜಿನ ಕೆಲಸ. ಪಕ್ಕದ ತಗಡನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಆ ಬಿಸಿ ಹೋಗಲು ದಾರಿ ಇಲ್ಲದಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಒಳಗೆ ತಂಪೂ ಸಾಲುವುದಿಲ್ಲ. ಗೋಡೆಯಿಂದ ಅರ್ಧ ಗೇಣು, ಅಂದರೆ 10 ಸೆಂಟಿಮೀಟರಿನಷ್ಟು, ಮುಂದಕ್ಕೆ ಎಳೆಯಿರಿ. ಪಕ್ಕಕ್ಕೂ ಕೈ ತೂರುವಷ್ಟು ಜಾಗ ಬಿಡಿ. ಒಲೆಯ ಹತ್ತಿರವೂ ಬೇಡ, ಸಂಜೆ ಬಿಸಿಲು ಬೀಳುವ ಕಿಟಕಿಯ ಎದುರೂ ಬೇಡ. ಅಡುಗೆಮನೆ ಇಕ್ಕಟ್ಟಾಗಿದ್ದರೆ ಹಾಲ್‌ನಲ್ಲಿಡಿ, ತಪ್ಪೇನಿಲ್ಲ. ಮುಂದಿನ ಕಾಲಿನ ತಿರುಪುಗಳನ್ನು ಚೂರು ಎತ್ತರಿಸಿ. ಬಾಗಿಲು ಅರ್ಧ ತೆರೆದು ಕೈಬಿಟ್ಟರೆ ತಾನಾಗಿಯೇ ಹೋಗಿ ಮುಚ್ಚಿಕೊಳ್ಳಬೇಕು. ನಿಮ್ಮದು ಬಾಡಿಗೆ ಮನೆಯಾದ್ದರಿಂದ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ, ಆ ಪ್ಲಗ್ ಪಾಯಿಂಟಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ನೋಡಿಸಿಬಿಡಿ. ಒದ್ದೆ ಕೈಯಲ್ಲಿ ದಿನಕ್ಕೆ ಹತ್ತು ಸಲ ಮುಟ್ಟುವ ವಸ್ತು ಅದು. ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾತ್ರ ಸಿಕ್ಕಿಸಬೇಡಿ. ಮುಂದೆ ಮನೆ ಬದಲಾಯಿಸುವಾಗಲೂ ಫ್ರಿಜ್ಜನ್ನು ಟೆಂಪೊದಲ್ಲಿ ನೆಟ್ಟಗೆ ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಹಾಗೇನಾದರೂ ಆದರೆ ಒಂದು ಹಗಲು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಿ.

ಒಳಗಿನ ಗುಂಡಿಯ ಮೇಲಿರುವ ಅಂಕಿಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು. ಆದರೆ ನಿಜವಾದ ತಂಪೆಷ್ಟು ಎಂದು ತಿಳಿಯಬೇಕಲ್ಲ? ಫ್ರಿಜ್ಜಿಗೆಂದೇ ಸಿಗುವ ಒಂದು ಚಿಕ್ಕ ಥರ್ಮಾಮೀಟರ್ ತಂದು, ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದಾಗ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಹೆಚ್ಚಿದ್ದರೆ ಗುಂಡಿಯನ್ನು ಒಂದು ಅಂಕಿ ಏರಿಸಿ ಮತ್ತೆ ನೋಡಿ. ಫ್ರೀಜರ್ ಮೈನಸ್ 18ರಲ್ಲಿರಬೇಕು. ಬೇಸಿಗೆ ಬಂದಾಗ ಇನ್ನೊಮ್ಮೆ ಪರೀಕ್ಷಿಸಿ.

ಈ 4 ಡಿಗ್ರಿಗೆ ಯಾಕಿಷ್ಟು ಒತ್ತು ಕೊಡುತ್ತೇನೆಂದರೆ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿಯೊಳಗೆ ಹುಲುಸಾಗಿ ಬೆಳೆಯುತ್ತವೆ. ಹದವಾದ ಬಿಸಿ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಫ್ರಿಜ್ ಅವುಗಳನ್ನು ಕೊಲ್ಲುವುದಿಲ್ಲ, ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೆ. ಇಡುವ ಹೊತ್ತಿಗೆ ಪದಾರ್ಥ ಹೇಗಿತ್ತೋ ಅದಕ್ಕಿಂತ ಚೆನ್ನಾಗಿ ಅದು ಎಂದೂ ಹೊರಗೆ ಬರುವುದಿಲ್ಲ. ಇನ್ನು ಕೆಡುತ್ತದೆ ಎನ್ನುವಾಗ ಎತ್ತಿಡುವ ಜಾಗವಲ್ಲ ಅದು. ಚೆನ್ನಾಗಿರುವಾಗಲೇ, ಬೇಗ ಎತ್ತಿಡಬೇಕು.

ಅನ್ನದ ವಿಷಯದಲ್ಲಿ ಇದನ್ನು ಖಂಡಿತ ಪಾಲಿಸಿ. ರಾತ್ರಿ ಉಳಿದ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು, ಬೆಳಿಗ್ಗೆ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನವಾಯಿತು ಅನ್ನುವುದು ನಮ್ಮಲ್ಲಿ ಮನೆಮನೆಯ ರೂಢಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಉಗುರುಬೆಚ್ಚಗಿನ ಕುಕ್ಕರಿನೊಳಗೆ ರಾತ್ರಿಯೆಲ್ಲ ಅವು ಮೊಳೆತು, ಹೆಚ್ಚಿ, ಒಂದು ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವಂಥದ್ದಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಹಿಂದಿನವರು ತಂಗಳನ್ನ ತಿಂದು ಗಟ್ಟಿಯಾಗಿರಲಿಲ್ಲವೇ ಎಂದು ನೀವು ಕೇಳಬಹುದು. ಅವರು ಅನ್ನಕ್ಕೆ ನೀರು ಹೊಯ್ದು ಹುಳಿಯಲು ಬಿಡುತ್ತಿದ್ದರು. ಆ ಹುಳಿಯಲ್ಲಿ ಇಂಥ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲಾರದು. ಕುಕ್ಕರಿನಲ್ಲಿ ಬೆಚ್ಚಗೆ ಕೂತ ಒಣ ಅನ್ನದ ಕಥೆಯೇ ಬೇರೆ. ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ ಫ್ಯಾನಿನ ಕೆಳಗಿಡಿ. ನೀವು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಆರಿರುತ್ತದೆ. ಡಬ್ಬಿಗೆ ತುಂಬಿ ಒಳಗಿಟ್ಟು ಮಲಗಿ. ಮರುದಿನ ಚಿತ್ರಾನ್ನ ಧಾರಾಳವಾಗಿ ಮಾಡಿ, ಉದುರುದುರಾಗಿ ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಅಂದೇ ಮುಗಿಸಿ.

ಸಾಂಬಾರು, ಪಲ್ಯ, ಗೊಜ್ಜುಗಳಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ, ಸುಡುಬೇಸಿಗೆಯಾದರೆ ಒಂದು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹಬೆಯಾಡುವ ದೊಡ್ಡ ಪಾತ್ರೆಯನ್ನು ಹಾಗೇ ನೂಕಿದರೆ ಪಕ್ಕದ ಹಾಲು ಮೊಸರೂ ಬಿಸಿಯಾಗುತ್ತವೆ, ಪಾತ್ರೆಯ ನಡುಭಾಗ ಮಾತ್ರ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಸಿಂಕಿನಲ್ಲಿ ತಣ್ಣೀರು ನಿಲ್ಲಿಸಿ, ಪಾತ್ರೆಯನ್ನು ಅದರಲ್ಲಿಟ್ಟು ಸೌಟಿನಿಂದ ನಾಲ್ಕು ಸಲ ತಿರುವಿ, ಚಿಕ್ಕ ಚಿಕ್ಕ ಡಬ್ಬಿಗಳಿಗೆ ಹಂಚಿ. ಹೀಗೆ ಹಂಚಿಟ್ಟರೆ ಇನ್ನೊಂದು ಅನುಕೂಲವಿದೆ. ಬಸ್ಸಾರು ಕುದಿಸಿದಷ್ಟೂ ರುಚಿ ಅಂತ ಇಡೀ ಪಾತ್ರೆಯನ್ನು ದಿನವೂ ಹೊರಗೆ ತೆಗೆದು, ಕುದಿಸಿ, ಆರಿಸಿ, ಮತ್ತೆ ಒಳಗಿಡುವುದು ತಪ್ಪುತ್ತದೆ. ಅಂದಂದಿಗೆ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ ಉಣ್ಣಿ. ಮೂರು ದಿನ ದಾಟಿಸಬೇಡಿ. ಕಾಯಿಚಟ್ನಿಯನ್ನು ಮಾಡಿದ ದಿನವೇ ಮುಗಿಸುವುದು ಒಳ್ಳೆಯದು. ಡಬ್ಬಿಯ ಮೇಲೆ ಒಂದು ಚೂರು ಟೇಪ್ ಅಂಟಿಸಿ ದಿನಾಂಕ ಬರೆಯಿರಿ. ಮೂಸಿ ನೋಡಿದೆ, ಚೆನ್ನಾಗಿದೆ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಕಾಯಿಲೆ ತರುವ ಎಷ್ಟೋ ಬ್ಯಾಕ್ಟೀರಿಯಾ ವಾಸನೆಯನ್ನೂ ಕೆಡಿಸುವುದಿಲ್ಲ, ಬಣ್ಣವನ್ನೂ ಕೆಡಿಸುವುದಿಲ್ಲ. ಲಿಸ್ಟೀರಿಯಾ ಎಂಬುದೊಂದು ಫ್ರಿಜ್ಜಿನ ತಂಪಿನಲ್ಲೂ ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ, ಬಸಿರಿಯರಿಗೆ ಅದು ಬಹಳ ಅಪಾಯ. ಈ ಮಾತು ಮುಂದೆ ನಿಮಗೆ ಬೇಕಾಗುತ್ತದೆ.

ಫ್ರಿಜ್ಜಿನೊಳಗೆ ಎಲ್ಲ ಕಡೆ ಒಂದೇ ತಂಪು ಇರುವುದಿಲ್ಲ. ನಿಮ್ಮದು ಒಂಟಿ ಬಾಗಿಲಿನದು. ಫ್ರೀಜರಿನ ಕೆಳಗಿರುವ ಚಿಲ್ಲರ್ ತಟ್ಟೆಯೇ ಅದರಲ್ಲಿ ಅತಿ ತಂಪಾದ ಜಾಗ, ಹಾಲನ್ನು ಅಲ್ಲಿಡಿ. ಹಾಲಿನ ಪ್ಯಾಕೆಟ್ಟು ಬೆಳಗಿನ ಜಾವ ಬೀದಿಬದಿಯ ಕ್ರೇಟಿನಲ್ಲಿ ಕೂತು ಬಂದಿರುತ್ತದೆ. ನಲ್ಲಿಯ ಕೆಳಗೆ ತೊಳೆದು, ಒಂದು ಬಟ್ಟಲಿನಲ್ಲಿಟ್ಟು ಒಳಗಿಡಿ. ಬಾಗಿಲಿನ ಅರೆಗಳು ಎಲ್ಲಕ್ಕಿಂತ ಬೆಚ್ಚಗಿನವು, ತೆರೆದಾಗಲೆಲ್ಲ ಹೊರಗಿನ ಗಾಳಿ ಬಡಿಯುತ್ತದೆ. ನೀರಿನ ಬಾಟಲಿ, ಸಾಸು, ಜಾಮು ಅಲ್ಲಿಗೆ ಸಾಕು. ಮೊಟ್ಟೆಗೆ ಅಲ್ಲೇ ಗುಳಿ ಮಾಡಿಕೊಟ್ಟಿದ್ದರೂ ಒಳಗಿನ ತಟ್ಟೆಯಲ್ಲಿಡುವುದೇ ವಾಸಿ. ಭಾನುವಾರ ಮೀನು, ಕೋಳಿ ತಂದರೆ ಅಂದೇ ಬೇಯಿಸಿ, ಇಲ್ಲವೇ ಫ್ರೀಜರಿಗೆ ಹಾಕಿ. ಒಂದು ದಿನದ ಮಟ್ಟಿಗೆ ಕೆಳಗಿಡಲೇಬೇಕಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೇಯಿಸಿದ ಅಡುಗೆಗಿಂತ ಕೆಳಗಿರಲಿ. ಹಸಿ ಮಾಂಸದ ನೀರಿನ ಒಂದು ಹನಿಯೂ ಮೊಸರಿನ ಮೇಲೆ ಬೀಳಬಾರದು. ಫ್ರೀಜರಿನಿಂದ ತೆಗೆದ ಮಾಂಸವನ್ನು ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಹಿಂದಿನ ರಾತ್ರಿಯೇ ಕೆಳಗಿನ ತಟ್ಟೆಗೆ ಇಳಿಸಿದರೆ ಬೆಳಿಗ್ಗೆಗೆ ಹದವಾಗಿರುತ್ತದೆ.

ಕೊತ್ತಂಬರಿ ಸೊಪ್ಪು ಎರಡೇ ದಿನಕ್ಕೆ ಕೊಳೆತುಹೋಗುತ್ತದೆ ಎಂದು ಫೋನಿನಲ್ಲಿ ಹೇಳುತ್ತಿದ್ದಿರಿ. ಕೊಳೆಸುವುದು ಅದರ ಮೇಲಿನ ಪಸೆ. ಮಾರುವವರು ನೀರು ಚಿಮುಕಿಸಿ ಕೊಟ್ಟಿರುತ್ತಾರೆ, ನಾವು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಒಳಗೆ ಎಸೆಯುತ್ತೇವೆ. ತಂದ ಕೂಡಲೇ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹಳದಿಯಾದ ಮತ್ತು ಲೋಳೆಯಾದ ಎಲೆಗಳನ್ನು ಒಂದೂ ಬಿಡದೆ ಆರಿಸಿ. ಆಗ ತೊಳೆಯಬೇಡಿ. ಬಟ್ಟೆಯ ಮೇಲೆ ಹರವಿ ಪಸೆ ಆರುವವರೆಗೆ ಬಿಟ್ಟು, ಒಣ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಯಲ್ಲಿಡಿ. ಬಟ್ಟೆ ತೇವವಾದರೆ ಬದಲಾಯಿಸಿ. ವಾರವಾದರೂ ಹಸಿರಾಗಿರುತ್ತದೆ. ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಆ ಶಾಯಿ ತಿನ್ನುವ ಪದಾರ್ಥಕ್ಕೆ ತಾಗಬಾರದು. ಕರಿಬೇವಿಗೂ ಇದೇ ಉಪಚಾರ. ಹಸಿಮೆಣಸಿನಕಾಯಿಯ ತೊಟ್ಟು ಮುರಿದಿಡಿ. ಹಣ್ಣಾದ ಮಾವು, ಪಪ್ಪಾಯಿ, ಸೇಬುಗಳನ್ನು ಸೊಪ್ಪಿನ ಡ್ರಾಯರಿಗೆ ಸೇರಿಸಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಗಟ್ಟುತ್ತದೆ.

ಕೆಲವಕ್ಕೆ ಫ್ರಿಜ್ ಆಗಿಬರುವುದಿಲ್ಲ. ಆಲೂಗಡ್ಡೆಯ ಪಿಷ್ಟ ತಂಪಿಗೆ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಗಾಳಿಯಾಡುವ ಬುಟ್ಟಿಯಲ್ಲಿರಲಿ, ಆಲೂಗಡ್ಡೆಯ ಜೊತೆ ಬೇಡ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ. ಟೊಮೆಟೊ ಪೂರ್ತಿ ಹಣ್ಣಾಗುವವರೆಗೆ ಹೊರಗಿರಲಿ, ತಂಪಿಗೆ ಅದರ ಪರಿಮಳ ಹೋಗಿಬಿಡುತ್ತದೆ. ಜೇನುತುಪ್ಪ ಹರಳುಗಟ್ಟುತ್ತದೆ. ಮಾವಿನಕಾಯಿ ಉಪ್ಪಿನಕಾಯಿಗೆ ಉಪ್ಪು ಎಣ್ಣೆಯ ಕಾವಲಿದೆ, ಒಣ ಚಮಚ ಬಳಸಿದರೆ ಸಾಕು.

ಫ್ರೀಜರನ್ನು ಬರೀ ಐಸ್‌ಕ್ರೀಮಿಗೆ ಬಿಡಬೇಡಿ. ಬಿಡುವಾದಾಗ ತೆಂಗಿನಕಾಯಿ ತುರಿದು ಪುಟ್ಟ ಡಬ್ಬಿಗಳಲ್ಲಿ ಇಟ್ಟುಕೊಂಡರೆ ವಾರದ ದಿನಗಳ ಅವಸರಕ್ಕೆ ಎಷ್ಟು ಹಗುರ! ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ನಾಲ್ಕು ಕಿಲೊ ತಂದು ಇಬ್ಬರೂ ಕೂತು ಬಿಡಿಸಿ. ಕುದಿಯುವ ನೀರಿಗೆ ಕಾಳು ಹಾಕಿ ಎರಡು ನಿಮಿಷಕ್ಕೆ ತೆಗೆದು, ತಣ್ಣೀರಿಗೆ ಸುರಿದು, ಬಸಿದು, ಬಟ್ಟೆಯ ಮೇಲೆ ಆರಿಸಿ. ಆ ಎರಡು ನಿಮಿಷದ ಬಿಸಿಯಿಂದ ಕಾಳಿನೊಳಗಿನ ಕಿಣ್ವಗಳ ಆಟ ನಿಲ್ಲುತ್ತದೆ, ಬಣ್ಣ ಮತ್ತು ರುಚಿ ಉಳಿಯುತ್ತವೆ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಮೊದಲು ಗಟ್ಟಿಯಾಗಲು ಬಿಟ್ಟು, ಆಮೇಲೆ ಒಂದೊಂದು ಅಡುಗೆಗೆ ಸಾಲುವಷ್ಟು ಪೊಟ್ಟಣ ಕಟ್ಟಿ. ಯುಗಾದಿಗೂ ಅವರೆಕಾಳಿನ ಹುಳಿ ಉಣ್ಣಬಹುದು.

ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಮಂಜು ಕಟ್ಟುತ್ತದೆ. ಅರ್ಧ ಸೆಂಟಿಮೀಟರ್ ದಪ್ಪವಾಯಿತೆಂದರೆ ಡೀಫ್ರಾಸ್ಟ್ ಗುಂಡಿ ಒತ್ತಿ ಕರಗಲು ಬಿಡಿ. ಚಾಕುವಿನಿಂದ ಮಾತ್ರ ಕೆರೆಯಬೇಡಿ. ತೆಳು ಅಲ್ಯುಮಿನಿಯಂ ಒಂದು ಕಡೆ ತೂತಾದರೂ ಅನಿಲವೆಲ್ಲ ಸೋರಿಹೋಗುತ್ತದೆ. ಈಗಿನ ಬಹುತೇಕ ಫ್ರಿಜ್ಜುಗಳಲ್ಲಿರುವುದು ಐಸೊಬ್ಯುಟೇನ್, ಬೆಂಕಿ ಹತ್ತುವ ಅನಿಲ. ಕರಗಿದ ನೀರು ಹಿಂಬದಿಯ ಒಂದು ತಟ್ಟೆಗೆ ಹೋಗಿ ಸೇರುತ್ತದೆ. ಈ ತಟ್ಟೆಯನ್ನು ಬಹಳ ಮನೆಗಳಲ್ಲಿ ಯಾರೂ ನೋಡುವುದೇ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ, ಮಳೆಗಾಲದಲ್ಲಂತೂ ತಪ್ಪದೆ, ಆ ನೀರನ್ನು ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆದು ಒಣಗಿಸಿ. ಬೆನ್ನು ಗೋಡೆಗೆ ಅಂಟಿದ್ದರೆ ಇದೊಂದೂ ಆಗದು, ಫ್ರಿಜ್ಜನ್ನು ಮುಂದಕ್ಕೆ ಎಳೆಯಲು ಹೇಳಿದ್ದಕ್ಕೆ ಇದೂ ಕಾರಣ.

ಅಪ್ಪ ನಿಮ್ಮಲ್ಲಿಗೆ ಬಂದು ಇರುವ ದಿನಗಳಲ್ಲಿ ಅವರ ಇನ್ಸುಲಿನ್ ಕೂಡ ಇದರೊಳಗೇ ಇರಬೇಕಾಗುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗಿರಬೇಕು. ಫ್ರೀಜರಿಗೂ ಚಿಲ್ಲರ್ ತಟ್ಟೆಗೂ ದೂರವಾಗಿ, ನಡುವಿನ ತಟ್ಟೆಯಲ್ಲಿ ಮುಚ್ಚಿದ ಡಬ್ಬಿಯೊಳಗಿಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನಕ್ಕೆ ಬಾರದು, ಬಿಸಾಡಲೇಬೇಕು.

ಕರೆಂಟ್ ಹೋದಾಗ ಬಾಗಿಲು ತೆರೆಯದೇ ಇದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಮೈನಸ್ 18ರಲ್ಲಿರುವ ಫ್ರೀಜರ್ ತುಂಬಿದ್ದರೆ ಇನ್ನೂ ಎಷ್ಟೋ ಹೆಚ್ಚು ಹೊತ್ತು ತಡೆಯುತ್ತದೆ. ದಸರೆಗೆ ಊರಿಗೆ ಬರುವಾಗ ಹಾಲು, ಮೊಸರು, ಸೊಪ್ಪು, ಮಾಡಿದ ಅಡುಗೆ ಎಲ್ಲ ಖಾಲಿ ಮಾಡಿ ಬನ್ನಿ. ತಿಂಗಳುಗಟ್ಟಲೆ ಹೋಗುವುದಾದರೆ ಸ್ವಿಚ್ ತೆಗೆದು, ಒಳಗೆಲ್ಲ ಒರೆಸಿ, ಬಾಗಿಲಿಗೆ ಬಟ್ಟೆಯ ಸುರುಳಿ ಸಿಕ್ಕಿಸಿ ಸ್ವಲ್ಪ ತೆರೆದಿಟ್ಟು ಬನ್ನಿ, ಬೂಷ್ಟು ಹಿಡಿಯುವುದಿಲ್ಲ. ನಾಲ್ಕೈದು ದಿನಕ್ಕಾದರೆ ಫ್ರಿಜ್ ಓಡುತ್ತಲೇ ಇರಲಿ, ಆದರೆ ಒಂದು ಉಪಾಯ ಮಾಡಿ. ಹೊರಡುವ ಹಿಂದಿನ ರಾತ್ರಿ ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ನೀರಿಟ್ಟು ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಟ್ಟು ಬನ್ನಿ. ವಾಪಸು ಹೋದಾಗ ನಾಣ್ಯ ಮೇಲೇ ಇದ್ದರೆ ಚಿಂತೆಯಿಲ್ಲ. ಅದು ಗಡ್ಡೆಯ ತಳ ಸೇರಿದ್ದರೆ, ನೀವಿಲ್ಲದಾಗ ಬಹಳ ಹೊತ್ತು ಕರೆಂಟ್ ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆಗ ಮೀನು, ಮಾಂಸ, ಕಾಯಿತುರಿ ಯಾವುದನ್ನೂ ದುಡ್ಡಿನ ಮುಖ ನೋಡಿ ಉಳಿಸಿಕೊಳ್ಳಬೇಡಿ.