ಮಕ್ಕಳಿಗೆ ಅಂದಾಜು ಲೆಕ್ಕ ಕಲಿಸೋಣ: ಮಂಡಿ ಪಟ್ಟಿಯಿಂದ ಸಸಿ ಎಣಿಕೆವರೆಗೆ



ಪ್ರತಿ ವಾರ ಗೊಬ್ಬರ, ಕೀಟ, ಬೆಳೆ ಅಂತ ಮಾತಾಡ್ತೇವೆ. ಈ ವಾರ ಸ್ವಲ್ಪ ಬೇರೆ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಮಂಡಿ ಪಟ್ಟಿ, ಗೊಬ್ಬರದಂಗಡಿ ಬಿಲ್ಲು, ಸೊಸೈಟಿಯ ಸಾಲದ ಚೀಟಿ ಇವನ್ನೆಲ್ಲ ಓದಿ ಹೇಳೋದು ಶಾಲೆಗೆ ಹೋಗುವ ಮಗುವೇ. ಮಗು ಮೊಬೈಲಿನಲ್ಲಿ ಅಂಕಿ ಒತ್ತುತ್ತೆ, ಬಂದ ಉತ್ತರ ಓದುತ್ತೆ, ನಾವು ತಲೆಯಾಡಿಸ್ತೇವೆ. ಒತ್ತುವಾಗ ಒಂದು ಸೊನ್ನೆ ಹೆಚ್ಚಾಗಿದ್ದರೆ? ಮೊಬೈಲಿಗೆ ಅದು ಗೊತ್ತಾಗಲ್ಲ. 'ಇಷ್ಟೊಂದು ಬರೋಕೆ ಸಾಧ್ಯವೇ ಇಲ್ಲ' ಅಂತ ಮಗುವಿಗೇ ಅನ್ನಿಸಬೇಕು. ಹಾಗೆ ಅನ್ನಿಸಬೇಕಾದರೆ ಅಂದಾಜು ಬರಬೇಕು.

ನಮ್ಮ ಹಿರಿಯರು ಇದರಲ್ಲಿ ಪಳಗಿದವರು. ಮಾವಿನ ತೋಟ ಗುತ್ತಿಗೆ ಹಿಡಿಯುವವರು ಮರದ ಮೇಲೆ ಕಣ್ಣಾಡಿಸಿಯೇ ಇಷ್ಟು ಟನ್ ಅಂತಾರೆ. ಮಕ್ಕಳಿಗೆ ಮಾತ್ರ 'ಸರಿಯುತ್ತರ ಒಂದೇ, ಉಳಿದದ್ದೆಲ್ಲ ತಪ್ಪು' ಅನ್ನೋ ಅಭ್ಯಾಸ ಆಗಿಬಿಟ್ಟಿದೆ. ಅಂದಾಜು ಅಂದರೆ ಬಾಯಿಗೆ ಬಂದದ್ದು ಹೇಳೋದಲ್ಲ, ಅದಕ್ಕೂ ಒಂದು ಕ್ರಮ ಇದೆ. ಮೂರನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬಹುದು.

1. ಮೊದಲು ಹಗ್ಗದ ಆಟ

ಅಂಗಡಿಯಲ್ಲಿ 'ಚಿಲ್ಲರೆ ಬಿಟ್ಟು ರೌಂಡ್ ಫಿಗರ್ ಹೇಳಿ' ಅಂತೀವಲ್ಲ, ಕಲಿಸಬೇಕಾದದ್ದು ಅದನ್ನೇ. ಇಲ್ಲಿ ಅದನ್ನು 'ದುಂಡು ಮಾಡೋದು' ಅಂತ ಕರೆಯೋಣ.

ಒಂದು ಉದ್ದದ ಹಗ್ಗಕ್ಕೆ ಸಮ ಅಂತರದಲ್ಲಿ 11 ಗಂಟು ಹಾಕಿ ಅಂಗಳದಲ್ಲಿ ಹಾಸಿ. ಮೊದಲ ಗಂಟಿನ ಪಕ್ಕ 340, ಕೊನೆಯ ಗಂಟಿನ ಪಕ್ಕ 350 ಅಂತ ಬರೆಯಿರಿ. ಒಂದೊಂದು ಗಂಟಿಗೂ ಒಂದೊಂದು ಹೆಚ್ಚು. ಮಗುವನ್ನು 347ರ ಮೇಲೆ ನಿಲ್ಲಿಸಿ, 'ಯಾವ ತುದಿ ಹತ್ತಿರ?' ಅಂತ ಕೇಳಿ. 350ಕ್ಕೆ ಮೂರೇ ಗಂಟು, 340ಕ್ಕೆ ಏಳು. ಹಾಗಾಗಿ ಹತ್ತರ ಲೆಕ್ಕದಲ್ಲಿ 347 ದುಂಡಾದರೆ 350.

ಈಗ ಅದೇ ಹಗ್ಗದ ತುದಿಗಳಿಗೆ 300 ಮತ್ತು 400 ಅಂತ ಹೆಸರಿಡಿ. ಒಂದೊಂದು ಗಂಟಿಗೆ ಹತ್ತು ಹೆಚ್ಚು. 347 ಈಗ 340 ಮತ್ತು 350ರ ಗಂಟುಗಳ ನಡುವೆ ಬಂತು. 300ಕ್ಕೆ 47 ದೂರ, 400ಕ್ಕೆ 53 ದೂರ. ಹಾಗಾಗಿ ನೂರರ ಲೆಕ್ಕದಲ್ಲಿ ಅದೇ 347 ದುಂಡಾದರೆ 300.

ಮಕ್ಕಳು ಹೆಚ್ಚಾಗಿ ಎಡವೋದು ಇಲ್ಲೇ. 347 ಅನ್ನು ಮೊದಲು 350 ಮಾಡಿ, ಆಮೇಲೆ 350 ಅನ್ನು 400 ಮಾಡ್ತಾರೆ. ಎರಡೆರಡು ಸಲ ದುಂಡು ಮಾಡಬಾರದು. ಯಾವ ಸ್ಥಾನಕ್ಕೆ ಬೇಕೋ ಅಲ್ಲಿಗೆ ಒಂದೇ ಸಲ, ಮೂಲ ಸಂಖ್ಯೆಯಿಂದಲೇ ಹೋಗಬೇಕು.

345 ಬಂದರೆ? ಸರಿಯಾಗಿ ನಡುವೆ ಇದೆ. ಇಂಥ ಕಡೆ ಮೇಲಕ್ಕೆ ಹೋಗೋದು ಅಂತ ಒಂದು ಒಪ್ಪಂದ. 'ಇದು ಹತ್ತಿರ ಅಂತಲ್ಲ, ಎಲ್ಲರಿಗೂ ಒಂದೇ ಉತ್ತರ ಬರಲಿ ಅಂತ ಮಾಡಿಕೊಂಡ ನಿಯಮ' ಅಂತ ಬಿಡಿಸಿ ಹೇಳಿ, ಮಕ್ಕಳು ಒಪ್ಪಿಕೊಳ್ತಾರೆ.

2. ಕೂಡುವ ಲೆಕ್ಕಕ್ಕೆ ಮಂಡಿ ಪಟ್ಟಿ

ಒಂದು ದಿನದ ತರಕಾರಿ ಪಟ್ಟಿ ಹೀಗಿದೆ ಅಂದುಕೊಳ್ಳಿ:

ಬೀನ್ಸ್ 1,870
ಟೊಮೆಟೊ 2,340
ಬದನೆ 915
ಹೀರೆ 3,180
ಸೌತೆ 1,425

ಪ್ರತಿಯೊಂದನ್ನೂ ನೂರಕ್ಕೆ ದುಂಡು ಮಾಡಿದರೆ 1,900, 2,300, 900, 3,200, 1,400. ಎರಡೆರಡು ಸೊನ್ನೆ ಮುಚ್ಚಿಟ್ಟು 19, 23, 9, 32, 14 ಅಂತ ಬಾಯಲ್ಲೇ ಕೂಡಿದರೆ 97. ಅಂದರೆ ಅಂದಾಜು 9,700. ನಿಜವಾದ ಮೊತ್ತ 9,730.

ಅಂದಾಜು ಮತ್ತು ನಿಜದ ನಡುವೆ ಎಷ್ಟು ವ್ಯತ್ಯಾಸ ಬರಬಹುದು ಅನ್ನೋದನ್ನೂ ಜೊತೆಗೇ ಕಲಿಸಿ. ಇದನ್ನು ಬಿಟ್ಟರೆ ಕಲಿಸಿದ್ದು ಅರ್ಧವೇ. ನೂರಕ್ಕೆ ದುಂಡು ಮಾಡುವಾಗ ಒಂದು ಸಂಖ್ಯೆ ಹೆಚ್ಚೆಂದರೆ 50 ಆಚೀಚೆ ಆಗುತ್ತೆ. ಐದು ಸಂಖ್ಯೆ ಇದ್ದರೆ ಹೆಚ್ಚೆಂದರೆ 250. ಹಾಗಾಗಿ ಈ ಪಟ್ಟಿಯ ಮೊತ್ತ 9,450ಕ್ಕಿಂತ ಕಡಿಮೆ ಆಗುವಂತಿಲ್ಲ, 9,950ಕ್ಕಿಂತ ಹೆಚ್ಚೂ ಆಗುವಂತಿಲ್ಲ. ಇದು ಊಹೆ ಅಲ್ಲ, ಬೇಲಿ.

ಈ ಬೇಲಿಯ ಬೆಲೆ ನಮ್ಮ ಮನೆಯಲ್ಲೇ ಕಂಡಿದ್ದೇವೆ. ಮೇಲಿನದು ನಿಜವಾದ ಪಟ್ಟಿಯೇ. ಅದರ ಕೆಳಗೆ ಮೊತ್ತ 8,730 ಅಂತ ಬರೆದಿತ್ತು. ಕೂಡುವಾಗ ದಶಕ ತಗೊಳ್ಳೋದು ಒಂದು ಕಡೆ ಬಿಟ್ಟುಹೋಗಿತ್ತು. ಐದನೇ ಕ್ಲಾಸಿನ ನಮ್ಮಕ್ಕನ ಮಗಳು ಅವರ ತಾತನಿಗೆ ಪಟ್ಟಿ ಓದಿ ಹೇಳ್ತಾ, 'ತಾತ, ಇದು ಒಂಬತ್ತು ಸಾವಿರದ ಏಳುನೂರರ ಹತ್ರ ಬರಬೇಕು, ಇಲ್ಲಿ ಎಂಟು ಸಾವಿರ ಚಿಲ್ಲರೆ ಇದೆ' ಅಂದಳು. ತಾತ ಮಾರನೇ ದಿನ ಪಟ್ಟಿ ಹಿಡಿದು ಹೋದರು. ಗುಮಾಸ್ತರು ಇನ್ನೊಮ್ಮೆ ಕೂಡಿ ನೋಡಿ, ತಿದ್ದಿ, ಉಳಿದ ಸಾವಿರ ರೂಪಾಯಿ ಕೊಟ್ಟರು. ಜಗಳ ಆಗಲಿಲ್ಲ. ಲೆಕ್ಕ ಗೊತ್ತಿದ್ದವರಿಗೆ ದನಿ ಏರಿಸುವ ಅಗತ್ಯ ಬೀಳಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅವಳು ಅದೇ ಪಟ್ಟಿಯನ್ನು ಸಾವಿರಕ್ಕೆ ದುಂಡು ಮಾಡಿದ್ದರೆ 2, 2, 1, 3, 1, ಒಟ್ಟು 9 ಸಾವಿರ ಬರುತ್ತಿತ್ತು. 8,730 ಅದಕ್ಕೆ ಹತ್ತಿರವೇ ಕಾಣುತ್ತೆ, ತಪ್ಪು ಸಿಕ್ಕುತ್ತಲೇ ಇರಲಿಲ್ಲ. ಬೇಲಿ ತುಂಬಾ ಅಗಲ ಆದರೆ ದನ ನುಗ್ಗುತ್ತೆ. ಯಾವ ಸ್ಥಾನಕ್ಕೆ ದುಂಡು ಮಾಡಬೇಕು ಅನ್ನೋದನ್ನು ಕೆಲಸ ನೋಡಿ ಆರಿಸಬೇಕು. ಪಟ್ಟಿಯ ಅಂಕಿಗಳು ಸಾವಿರಗಳಲ್ಲಿದ್ದರೆ ನೂರಕ್ಕೆ, ನೂರುಗಳಲ್ಲಿದ್ದರೆ ಹತ್ತಕ್ಕೆ ಮಾಡಿದರೆ ಸಾಮಾನ್ಯವಾಗಿ ಸಾಕು.

3. ಗುಣಿಸುವ ಲೆಕ್ಕಕ್ಕೆ ಸಾಲು ಮತ್ತು ಸಸಿ

ಮಕ್ಕಳನ್ನು ತೋಟಕ್ಕೆ ಕರ್ಕೊಂಡು ಹೋಗಿ. 42 ಸಾಲು, ಸಾಲಿಗೆ 28 ಗಿಡ. 40 × 30 = 1,200. ನಿಜ 1,176. ಒಂದು ಸಂಖ್ಯೆ ಇಳಿಯಿತು, ಇನ್ನೊಂದು ಏರಿತು, ಹಾಗಾಗಿ ಉತ್ತರ ಹತ್ತಿರ ಬಂತು.

ಎರಡೂ ಏರಿದರೆ? 38 ಕ್ರೇಟ್ ಟೊಮೆಟೊ, ಕ್ರೇಟಿಗೆ 287 ರೂಪಾಯಿ. 40 × 300 = 12,000. ನಿಜ 10,906. ಎರಡನ್ನೂ ಮೇಲಕ್ಕೆ ತಳ್ಳಿದ್ದೇವೆ ಅಂದರೆ ನಿಜವಾದ ಉತ್ತರ ಇದಕ್ಕಿಂತ ಕಡಿಮೆ ಅಂತ ಲೆಕ್ಕ ಮಾಡುವ ಮೊದಲೇ ಗೊತ್ತಾಗಬೇಕು. ಇನ್ನೂ ಹತ್ತಿರ ಬೇಕಾದರೆ 40 × 290 = 11,600 ಮಾಡಿ, ಹೆಚ್ಚಾಗಿ ಸೇರಿಸಿದ ಎರಡು ಕ್ರೇಟಿನ ಸುಮಾರು 600 ಕಳೆದರೆ 11,000.

ದೊಡ್ಡ ಮಕ್ಕಳಿಗೆ ಎಕರೆ ಲೆಕ್ಕ ಕೊಡಿ. ಎಕರೆಗೆ 43,560 ಚದರಡಿ, ದುಂಡಾಗಿ 44,000. ಅಡಿಕೆ 9 × 9 ಅಡಿ ಅಂದರೆ ಒಂದು ಗಿಡಕ್ಕೆ 81 ಚದರಡಿ, ದುಂಡಾಗಿ 80. 44,000 ÷ 80 = 550. ನಿಜವಾದ ಲೆಕ್ಕ 538ರ ಹತ್ತಿರ. ಪರವಾಗಿಲ್ಲ. ಈಗ ಬಾಳೆ, 6 × 6 ಅಡಿ, ಅಂದರೆ 36 ಚದರಡಿ. ಅದನ್ನು 40 ಮಾಡಿದರೆ 44,000 ÷ 40 = 1,100. ನಿಜ 1,210! ಅಂದಾಜು ನಂಬಿ ಸಸಿ ತರಿಸಿದರೆ 110 ಗುಣಿ ಖಾಲಿ. (ದಾರಿ, ಬದುಗಳ ಜಾಗ ಇಲ್ಲಿ ಕಳೆದಿಲ್ಲ.)

ಯಾಕೆ ಹೀಗಾಯಿತು ಅಂತ ಮಕ್ಕಳನ್ನೇ ಕೇಳಿ. 81ರಲ್ಲಿ 1 ಬಿಟ್ಟದ್ದು ಏನೇನೂ ಅಲ್ಲ, 36ಕ್ಕೆ 4 ಸೇರಿಸಿದ್ದು ಒಂಬತ್ತರಲ್ಲಿ ಒಂದು ಪಾಲು. ಸಂಖ್ಯೆ ಚಿಕ್ಕದಾದಷ್ಟೂ ದುಂಡು ಮಾಡಿದ ಪೆಟ್ಟು ದೊಡ್ಡದು. ಇಂಥ ಕಡೆ 36 ಅನ್ನು ಮುಟ್ಟಬೇಡಿ, ದೊಡ್ಡ ಸಂಖ್ಯೆಯನ್ನು ಅದಕ್ಕೆ ಹೊಂದಿಸಿ. 36 × 12 = 432, ಹಾಗಾಗಿ 43,560 ಅನ್ನು 43,200 ಅಂತ ಹಿಡಿದರೆ ಉತ್ತರ 1,200. ಎಷ್ಟು ಹತ್ತಿರ ಬಂತು ನೋಡಿ.

4. ಯಾವ ಕಡೆಗೆ ದುಂಡು ಮಾಡಬೇಕು?

ಶಾಲೆಯಲ್ಲಿ 'ಹತ್ತಿರದ ಸಂಖ್ಯೆಗೆ' ಅಂತ ಕಲಿಸ್ತಾರೆ. ಜೇಬಿನ ವಿಷಯಕ್ಕೆ ಬಂದಾಗ ಅದೊಂದೇ ಸಾಲದು. ಅಂಗಡಿಯಲ್ಲಿ ಮೂರು ಸಾಮಾನಿನ ಬೆಲೆ 1,240, 345 ಮತ್ತು 630. ಹತ್ತಿರದ ನೂರಕ್ಕೆ ಮಾಡಿದರೆ 1,200 + 300 + 600 = 2,100. ಬಿಲ್ಲು 2,215. 2,100 ಹಿಡಿದು ಹೋದವರಿಗೆ 115 ರೂಪಾಯಿ ಕಡಿಮೆ. ಮೂರೂ ಕೆಳಕ್ಕೇ ಇಳಿದದ್ದರಿಂದ ಹೀಗಾಯಿತು. ಮೂರನ್ನೂ ಮೇಲಕ್ಕೆ ಏರಿಸಿದರೆ 1,300 + 400 + 700 = 2,400. ಇಷ್ಟು ಹಿಡಿದು ಹೋದರೆ ಸಾಲ ಹೇಳಬೇಕಾಗಿಲ್ಲ.

ಮಕ್ಕಳಿಗೆ ಹೀಗೆ ಹೇಳಿಕೊಡಿ: ಖರ್ಚು ಮೇಲಕ್ಕೆ, ಆದಾಯ ಕೆಳಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಮೊದಲು ಹಾಸಿಗೆಯ ಅಳತೆಯನ್ನು ಸ್ವಲ್ಪ ಕಡಿಮೆಯೇ ಹಿಡಿಯೋದು ಕ್ಷೇಮ.

ಕ್ರೇಟ್ ಎಣಿಕೆಗೂ ಇದೇ ಮಾತು. 460 ಕೆ.ಜಿ. ಟೊಮೆಟೊ, ಕ್ರೇಟಿಗೆ 15 ಕೆ.ಜಿ. 30 ಕ್ರೇಟ್ ತಂದರೆ 10 ಕೆ.ಜಿ. ನೆಲದ ಮೇಲೆ ಉಳಿಯುತ್ತೆ. 31 ಬೇಕೇ ಬೇಕು.

5. ಅಂದಾಜು ಸಲ್ಲದ ಜಾಗ

ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ. ಅಂದರೆ 16 ಲೀಟರ್ ಕ್ಯಾನಿಗೆ 80 ಮಿ.ಲೀ. ಇಲ್ಲಿ ಅಂದಾಜಿಗೆ ಕೆಲಸ ಒಂದೇ, ಕಾವಲು ಕಾಯೋದು. 5 × 15 = 75, 5 × 20 = 100, ಹಾಗಾಗಿ ಉತ್ತರ ಇವೆರಡರ ನಡುವೆ ಇರಬೇಕು. ಯಾರಾದರೂ 800 ಅಂದರೆ ಮಗು ತಡೆಯಬೇಕು. ಅಳೆದು ಹಾಕುವಾಗ ಮಾತ್ರ 80 ಅಂದರೆ 80, 'ನೂರೇ ಇರಲಿ ಬಿಡು' ಅನ್ನಬಾರದು. ಡೋಸ್ ಹೆಚ್ಚಾದರೆ ಎಲೆ ಸುಡುತ್ತೆ. ದನಕರುಗಳ ಔಷಧಿಗೂ ಇದೇ ನಿಯಮ. ಅಂದ ಹಾಗೆ, ಬೇವಿನ ಎಣ್ಣೆಯೇ ಆದರೂ ಮಕ್ಕಳ ಕೈಗೆ ಕೊಡಬೇಡಿ. ಲೆಕ್ಕ ಅವರದು, ಸಿಂಪಡಣೆ ನಿಮ್ಮದು.

ಸಾವಯವ ಪ್ರಮಾಣಪತ್ರಕ್ಕಾಗಿ ಬರೆದಿಡುವ ತೋಟದ ಡೈರಿಯಲ್ಲೂ ಅಂದಾಜು ಬೇಡ. ತೂಗಿದ್ದು ಎಷ್ಟೋ ಅಷ್ಟೇ ಬರೆಯಿರಿ.

6. ಕಲಿಸುವಾಗ ಗಮನಿಸಿ

* ಜಾಣ ಮಕ್ಕಳು ಒಂದು ಉಪಾಯ ಮಾಡ್ತಾರೆ. ಗುಟ್ಟಾಗಿ ಸರಿಯುತ್ತರ ಕಂಡುಹಿಡಿದು, ಕೊನೆಗೆ ಅದನ್ನು ದುಂಡು ಮಾಡಿ ಹೇಳ್ತಾರೆ. ಆಗ ಕಲಿಕೆ ಸೊನ್ನೆ. ಪೆನ್ಸಿಲ್ ತೆಗೆದಿಡಿ, ಹತ್ತು ಎಣಿಸುವಷ್ಟರಲ್ಲಿ ಹೇಳಬೇಕು ಅನ್ನಿ.
* 'ಎಷ್ಟು?' ಅಂತ ಕೇಳಿದ ಮೇಲೆ 'ನಿಜವಾದದ್ದು ಇದಕ್ಕಿಂತ ಹೆಚ್ಚೋ ಕಡಿಮೆಯೋ?' ಅಂತಲೂ ಕೇಳಿ.
* ಒಬ್ಬರು 9,700, ಇನ್ನೊಬ್ಬರು 9,800 ಅಂದರೆ ಒಂದನ್ನು ತಪ್ಪು ಅನ್ನಬೇಡಿ. ಹೇಗೆ ಬಂತು ಅಂತ ಇಬ್ಬರಿಂದಲೂ ಹೇಳಿಸಿ.
* ಮೊದಲು ಅಂದಾಜು, ಆಮೇಲೆ ಕ್ಯಾಲ್ಕುಲೇಟರ್. ಈ ಕ್ರಮ ತಪ್ಪಿಸಬೇಡಿ. ಮೇಲಿನ ಪಟ್ಟಿಯಲ್ಲಿ 915ರ ಬದಲು 9,150 ಒತ್ತಿದರೆ 17,965 ಬರುತ್ತೆ. 9,700 ಅಂತ ಮೊದಲೇ ಹೇಳಿದ್ದ ಮಗು ಅದನ್ನು ನಂಬಲ್ಲ.

7. ಈ ವಾರದ ಅಭ್ಯಾಸ

1. ಡೇರಿಯಿಂದ ಮೂರು ಸಲ ಬಂದ ಹಾಲಿನ ಹಣ 2,760, 2,815, 2,690. ಸುಮಾರು ಎಷ್ಟು?
2. 19 ಸಾಲು ಮೆಣಸಿನಕಾಯಿ, ಸಾಲಿಗೆ 52 ಗಿಡ. ಸುಮಾರು ಎಷ್ಟು ಗಿಡ?
3. 16 ಲೀಟರಿನ 11 ಕ್ಯಾನ್ ಸಿಂಪಡಿಸಬೇಕು. 200 ಲೀಟರ್ ಡ್ರಮ್ಮಿನ ನೀರು ಸಾಕೇ?

ಉತ್ತರ: (1) 2,800 + 2,800 + 2,700 = 8,300; ನಿಜ 8,265. (2) 20 × 50 = 1,000; ನಿಜ 988. (3) ಹತ್ತು ಕ್ಯಾನಿಗೆ 160, ಇನ್ನೊಂದಕ್ಕೆ 20ಕ್ಕಿಂತ ಕಡಿಮೆ, ಒಟ್ಟು 180 ದಾಟಲ್ಲ. ಸಾಕು.

ದಿನಕ್ಕೆ ಹತ್ತು ನಿಮಿಷ ಸಾಕು. ಮುಂದಿನ ಸಲ ಮಂಡಿಯಿಂದ ಪಟ್ಟಿ ಬಂದಾಗ ಮೊತ್ತದ ಜಾಗವನ್ನು ಬೆರಳಿನಿಂದ ಮುಚ್ಚಿ ಮಗುವಿನ ಕೈಗೆ ಕೊಡಿ. ಅದು ಅಂದಾಜು ಹೇಳಿದ ಮೇಲೆ ಬೆರಳು ತೆಗೆಯಿರಿ.